ಸುಗ್ಗಿಗೆ ಮುಂಚೆ ಒಂದು ಆ್ಯಪ್

ಬಜೆಟ್ ಎಂಬ ಮಾತು ಬಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು "ದುಡ್ಡು ಯಾರ್ದು?" ಎಂದು. ಎಷ್ಟು ಎನ್ನುವುದು ಆಮೇಲಿನ ಪ್ರಶ್ನೆ. ಈಗೀಗ ಹುಣಸೂರು, ಪಿರಿಯಾಪಟ್ಟಣದಲ್ಲೂ ಸಾಫ್ಟ್‌ವೇರ್ ಕಂಪನಿ ಕಟ್ಟಲು ಹೊರಟ ಹುಡುಗ ಹುಡುಗಿಯರು ಕಾಣಿಸುತ್ತಿದ್ದಾರೆ. ಅವರಲ್ಲಿ ಕೆಲವರು ನನ್ನನ್ನು ಹುಡುಕಿಕೊಂಡು ಬಂದು, "ಫಸ್ಟ್ ವರ್ಷನ್‌ಗೆ ಎಷ್ಟು ಇಟ್ಕೋಬೇಕು ಅಣ್ಣ?" ಎಂದು ಕೇಳುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಕೇಳುತ್ತಾರೆ, ಏಕೆಂದರೆ ಅಂಥ ಒಂದು ಬಜೆಟ್ಟನ್ನು ನಾನು ಕೈಯಲ್ಲಿ ಹಿಡಿದು ನಡೆಸಿದ್ದೇನೆ. ಒಂದು ಅಂಕಿ ಹೇಳಿ ಕಳಿಸಬಹುದಿತ್ತು. ಅದು ನಿಮ್ಮ ಕೆಲಸಕ್ಕೆ ಬಾರದು. ನಡೆದದ್ದನ್ನು ಬರೆಯುತ್ತೇನೆ, ನಿಮ್ಮದನ್ನು ನೀವೇ ಕೂಡಿ ಕಳೆದುಕೊಳ್ಳಿ.

ನನ್ನ ಊರು ಕೆ.ಆರ್. ನಗರದ ಪಕ್ಕ, ನಾಲೆಯ ಬಯಲು. ಶಾಲೆ ಬಿಟ್ಟ ಮೇಲೆ ಲಾರಿ ಕ್ಲೀನರ್ ಆದೆ, ಡ್ರೈವರ್ ಆದೆ, ಕೊನೆಗೆ ಮಿಷನ್ ಏಜೆಂಟ್ ಆದೆ. ಭತ್ತ ಕೊಯ್ಯುವ ದೊಡ್ಡ ಯಂತ್ರಗಳು ಸುಗ್ಗಿ ಕಾಲಕ್ಕೆ ತಮಿಳುನಾಡಿನಿಂದ ಲಾರಿಯ ಮೇಲೆ ಬರುತ್ತವೆ. ಅವನ್ನು ಊರೂರಿಗೆ ಹಂಚಿ, ಯಾರ ಗದ್ದೆಗೆ ಯಾವ ದಿನ ಎಂದು ಗೊತ್ತು ಮಾಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆ ವಸೂಲಿ ಮಾಡಿಕೊಡುವವನೇ ಏಜೆಂಟ್. ಮೊದಲು ಟೆಲಿಫೋನ್ ಬೂತಿನ ಮುಂದೆ ಕಾಯ್ದು ಈ ಕೆಲಸ ಮಾಡುತ್ತಿದ್ದೆ. ಆಮೇಲೆ ಮೊಬೈಲ್ ಬಂತು. ಸುಗ್ಗಿಯಲ್ಲಿ ನನ್ನ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ನಾಲ್ಕು ಊರಿನ ಜಗಳ ಬಗೆಹರಿಸಿದ್ದೇನೆ. ನನ್ನ ಕೈಯಲ್ಲಿ ಸುಳ್ಳು ಹೇಳಿಸಿದ ರೈತನೂ ಇಲ್ಲ, ಡ್ರೈವರನೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಂಥ ನನ್ನನ್ನು ಒಂದು ದಿನ ಭವ್ಯ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಪಿರಿಯಾಪಟ್ಟಣ ತಾಲ್ಲೂಕು ಕಂಪಲಾಪುರದವಳು. ಅವಳ ತಂದೆ ಸಣ್ಣೇಗೌಡರು ಹೊಗೆಸೊಪ್ಪು ಬೆಳೆಗಾರರು. ಮೈಸೂರಿನ ಒಂದು ಕಂಪನಿಯಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು. ಅದನ್ನು ಬಿಟ್ಟು, ಮಿಷನ್ ಬುಕ್ ಮಾಡುವ ಆ್ಯಪ್ ಕಟ್ಟುತ್ತೇನೆ, ನೀವು ಜೊತೆಗೆ ಬನ್ನಿ ಎಂದಳು.

"ನನ್ ಕೆಲ್ಸ ಕಿತ್ಕೊಳ್ಳೋ ಆ್ಯಪಿಗೆ ನಾನೇ ಬರ್ಬೇಕೇನವ್ವ?" ಎಂದೆ.

"ಕಿತ್ಕೊಳ್ಳೋದು ಹೆಂಗೂ ಯಾರಾದ್ರೂ ಕಿತ್ಕೋತಾರೆ ಚನ್ನಪ್ಪಣ್ಣ. ನಿಮ್ಮನ್ನ ಕೇಳಿ ಕಿತ್ಕೊಳ್ಳೋಳು ನಾನೊಬ್ಳೇ," ಎಂದಳು.

ಮಾತು ಹಿಡಿಸಿತು. ಕಂಪನಿಯಲ್ಲಿ ನನಗೆ ಕಾಲುಪಾಲು ಕೊಡುವುದೆಂದು ಮಾತಾಯಿತು, ಒಪ್ಪಿದೆ.

ಹುಣಸೂರಿನಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ನಮ್ಮ ಆಫೀಸು. ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕೆಲಸ ಶುರುವಾದ ದಿನ ಸಣ್ಣೇಗೌಡರೇ ಬಂದರು. ಪಿರಿಯಾಪಟ್ಟಣದಲ್ಲಿ ಮಗಳ ಹೆಸರಿಗೆಂದು ಕೊಂಡಿದ್ದ ಸೈಟನ್ನು ಮಾರಿ ಆ ದುಡ್ಡನ್ನು ಅವಳ ಖಾತೆಗೆ ಹಾಕಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನೋಡವ್ವ, ಸೈಟು ನಿಂದು, ಮಾರಿದ್ದೂ ಆಯ್ತು. ಇನ್ನೊಂದ್ ಸೈಟು ನನ್ತಾವಿಲ್ಲ. ಈ ಸುಗ್ಗಿ ನೋಡ್ತೀನಿ. ಸಂಕ್ರಾಂತಿ ಕಳುದ್ಮೇಲೆ ಬತ್ತೀನಿ, ಲೆಕ್ಕ ಏಳ್ಬೇಕು. ನಷ್ಟ ಅಂದ್ರೆ ಬಾಗ್ಲಾಕ್ಬುಟ್ಟು ಮೈಸೂರು ಕೆಲ್ಸಕ್ಕೆ ವಾಪಸ್ ಓಗ್ಬೇಕು. ಒಪ್ಗೆನಾ?"

"ಒಪ್ಗೆ ಅಪ್ಪ."

ಅವರು ನನ್ನ ಕಡೆ ತಿರುಗಿ, "ಚನ್ನಪ್ಪ, ನೀನ್ ಸಾಕ್ಷಿ ಕಣಯ್ಯ," ಎಂದು ಮೆಟ್ಟಿಲಿಳಿದರು.

ಅಲ್ಲಿಂದ ಮುಂದೆ ನಾವು ಮಾಡಿದ ಪ್ರತಿ ಖರ್ಚಿನ ಬೆನ್ನಿಗೂ ಆ ಮಾತು ಇತ್ತು. ಭತ್ತ ಹಣ್ಣಾಗುವುದರೊಳಗೆ ಆ್ಯಪ್ ರೈತನ ಕೈಯಲ್ಲಿರಬೇಕು. ತಪ್ಪಿದರೆ ಮುಂದಿನ ಸುಗ್ಗಿಯವರೆಗೆ ಕಾಯಲು ದುಡ್ಡೂ ಇಲ್ಲ, ಮಾತೂ ಇಲ್ಲ. ಬೇರೆ ಊರಿನ ಕಂಪನಿಗಳು ಆ್ಯಪ್ ತಡವಾದರೆ ತಿಂಗಳು ಮುಂದಕ್ಕೆ ಹಾಕುತ್ತವಂತೆ. ಪೈರನ್ನು ಮುಂದಕ್ಕೆ ಹಾಕಲು ಬರುವುದಿಲ್ಲ.

ಆ್ಯಪ್ ಬರೆಯುವವನು ನವೀನ. ಸರಗೂರಿನವನು, ಹುಣಸೂರಿನಲ್ಲಿ ರೂಮು ಮಾಡಿಕೊಂಡು ಬೇರೆ ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತಿದ್ದ. ಮಾತು ಕಡಿಮೆ, ಟೀ ಜಾಸ್ತಿ. ಅವನು ಮೊದಲ ದಿನ ಒಟ್ಟು ಇಷ್ಟಾಗುತ್ತದೆ ಎಂದು ಒಂದು ಮೊತ್ತ ಹೇಳಿದ. ಅದು ಸೈಟಿನ ದುಡ್ಡಿಗಿಂತ ಹೆಚ್ಚಿತ್ತು. ಅರ್ಧ ಮುಂಗಡ, ಅರ್ಧ ಮುಗಿದ ಮೇಲೆ ಎಂದ.

"ಮನೆ ಕಟ್ಟೋ ಮೇಸ್ತ್ರಿಗೆ ಅರ್ಧ ಮುಂಗಡ ಕೊಡಲ್ಲ ಕಣ್ಲಾ," ಎಂದೆ ನಾನು. "ಪಾಯಕ್ಕಿಷ್ಟು, ಲಿಂಟಲ್ಲಿಗಿಷ್ಟು, ತಾರಸಿಗಿಷ್ಟು."

"ಸಾಫ್ಟ್‌ವೇರಲ್ಲಿ ಲಿಂಟಲ್ ಎಲ್ಲಿ ಬತ್ತದೆ ಹೇಳಣ್ಣ?"

"ನೀನೇ ಏಳು."

ಅವನು ಗಡ್ಡ ಕೆರೆದುಕೊಂಡು ಯೋಚಿಸಿದ. ಕೊನೆಗೆ ನಾವು ಒಪ್ಪಿದ್ದು ಹೀಗೆ: ರೈತ ತನ್ನ ಫೋನಿನಲ್ಲಿ ಹೆಸರು, ಊರು ಹಾಕಿ ಒಳಗೆ ಬರುವಂತಾದರೆ ಒಂದು ಕಂತು. ಮಿಷನ್ ಬೇಕೆಂದು ಕೇಳುವಂತಾದರೆ ಇನ್ನೊಂದು. ಡ್ರೈವರನಿಗೆ ಸುದ್ದಿ ಮುಟ್ಟಿದರೆ ಮತ್ತೊಂದು. ಬಾಡಿಗೆ ಲೆಕ್ಕ ಸರಿಯಾಗಿ ಬಂದರೆ ಕೊನೆಯದು. "ನೂರಕ್ಕೆ ಎಂಬತ್ತು ಭಾಗ ಮುಗಿದಿದೆ" ಎಂಬ ಮಾತಿಗೆ ನಮ್ಮಲ್ಲಿ ಕಂತು ಇರಲಿಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ವಿಷಯ ಇದೇ. ಕಣ್ಣಿಗೆ ಕಾಣುವುದಕ್ಕೆ ಕೊಡಿ, ಬಾಯಲ್ಲಿ ಕೇಳಿದ್ದಕ್ಕೆ ಕೊಡಬೇಡಿ.

ಆಮೇಲೆ ಕತ್ತರಿಸುವ ಕೆಲಸ. ಭವ್ಯ ಬರೆದಿದ್ದ ಪಟ್ಟಿಯಲ್ಲಿ ಹವಾಮಾನ, ಮಾರುಕಟ್ಟೆ ದರ, ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯ, ಡ್ರೈವರಿಗೆ ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಡುವುದು ಎಲ್ಲ ಇದ್ದವು. ಲೋಗೋ ಬರೆಸಲಿಕ್ಕೇ ಒಂದು ಮೊತ್ತವಿತ್ತು.

"ಲೋಗೋ ಇಲ್ದಿದ್ರೆ ಭತ್ತ ಉದುರೋಗ್ತದಾ ಮೇಡಂ?" ಎಂದೆ. ಅವಳ ಮೇಲೆ ಸಿಟ್ಟು ಬಂದಾಗ ಮೇಡಂ ಎನ್ನುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು.

"ಉದುರಲ್ಲ. ತೆಗೀರಿ," ಎಂದು ನಕ್ಕಳು.

ನಕ್ಷತ್ರ ಮಾತ್ರ ನವೀನ ಮೊದಲೇ ಮಾಡಿಬಿಟ್ಟಿದ್ದ. ಕೆ.ಆರ್. ನಗರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪರಿಚಯದ ರೈತರ ಕೈಗೆ ಫೋನು ಕೊಟ್ಟು ನೋಡಿದೆವು. ಒಬ್ಬರು ಒಳ್ಳೆಯ ಡ್ರೈವರಿಗೆ ಒಂದೇ ನಕ್ಷತ್ರ ಒತ್ತಿದರು. ಏಕೆಂದು ಕೇಳಿದರೆ, "ಅವ್ನು ನಂಬರ್ ಒನ್ ಕಣ್ರೀ," ಎಂದರು. ಅದನ್ನೂ ತೆಗೆಸಿದೆವು. ಮಾಡಿದ್ದನ್ನು ತೆಗೆಯುವುದಕ್ಕೂ ಖರ್ಚಿದೆ ಎಂದು ಅವತ್ತು ಕಲಿತೆ.

ಎಸ್‌ಎಂಎಸ್‌ನ ವಿಷಯ ಯಾರೂ ಮುಂಚೆ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಕನ್ನಡದ ಅಕ್ಷರ ಜಾಗ ಜಾಸ್ತಿ ತಿನ್ನುತ್ತದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ ಹಿಡಿಸುವ ಮಾತು ಕನ್ನಡದಲ್ಲಿ ಎರಡಾಗುತ್ತದೆ, ಮೂರಾಗುತ್ತದೆ, ಅಷ್ಟಕ್ಕೂ ದುಡ್ಡು. ಭವ್ಯ ಬರೆದಿದ್ದ ಒಕ್ಕಣೆ "ಮಾನ್ಯ ಗ್ರಾಹಕರೇ" ಎಂದು ಶುರುವಾಗುತ್ತಿತ್ತು. ನಾನು "ನಾಳೆ ಬೆಳಿಗ್ಗೆ ಮಿಷನ್. ಡ್ರೈವರ್ ಮುರುಗೇಶ್," ಆಮೇಲೆ ಫೋನ್ ನಂಬರ್, ಅಷ್ಟೇ ಉಳಿಸಿದೆ. ಮಾನ್ಯ ಎನ್ನದಿದ್ದರೆ ರೈತ ಬೇಜಾರು ಮಾಡಿಕೊಳ್ಳುವುದಿಲ್ಲ, ಮಿಷನ್ ಬರದಿದ್ದರೆ ಮಾಡಿಕೊಳ್ಳುತ್ತಾನೆ. ಗದ್ದೆ ಎಲ್ಲಿದೆ ಎಂದು ತೋರಿಸಲು ನಕ್ಷೆಯ ಬದಲಿಗೆ ತೂಬುಗಳ ಹೆಸರನ್ನು ಹಾಕಿದೆವು. ನಾಲೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲಿಗೆ ತೂಬು ಎನ್ನುತ್ತಾರೆ. ಪ್ರತಿ ತೂಬಿಗೂ ಊರಿನಲ್ಲಿ ಒಂದು ಹೆಸರಿರುತ್ತದೆ. ಜನಕ್ಕೂ ಸುಲಭವಾಯಿತು, ನಕ್ಷೆ ಕೊಡುವ ಕಂಪನಿಗೆ ಕಟ್ಟುವ ಬಾಡಿಗೆಯೂ ಉಳಿಯಿತು.

ಕತ್ತರಿಸಿದ್ದರಲ್ಲಿ ಒಂದು ಮಾತ್ರ ನೋವಿನದು. ಎಚ್.ಡಿ. ಕೋಟೆ ಕಡೆ ರಾಗಿ ಕೊಯ್ಲಿಗೂ ಮಿಷನ್ ಹೋಗುತ್ತದೆ. ಅಲ್ಲೂ ಆ್ಯಪ್ ನಡೆಯುತ್ತದೆಯೇ ಎಂದು ನೋಡಲು ಸಂತೆಯ ದಿನ ಮೂವರೂ ಅಂತರಸಂತೆಗೆ ಹೋದೆವು. ಫೋನು ತೆಗೆದರೆ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಸೊಪ್ಪು ಮಾರುತ್ತಿದ್ದ ಹೆಂಗಸು ನಮ್ಮ ಪಾಡು ನೋಡಿ, "ಟವರ್ ಬೇಕಾದ್ರೆ ಆ ಮೂಲೇಲಿ ನಿಂತ್ಕೊಳಿ. ಕೈ ಮೇಕ್ಕೆತ್ತಿ ನಿಂತ್ಕೊಬೇಕು," ಎಂದಳು. ನವೀನ ಅಲ್ಲಿ ನಿಂತ, ಕೈಯನ್ನೂ ಎತ್ತಿದ. ಸುತ್ತಲಿನವರು ನಕ್ಕರು.

ನೆಟ್‌ವರ್ಕ್ ಇಲ್ಲದೆಯೂ ನಡೆಯುವಂತೆ ಮಾಡಬಹುದು, ಆದರೆ ಅದಕ್ಕೆ ಎರಡು ಕಂತಿನಷ್ಟು ದುಡ್ಡು ಬೇಕು ಎಂದ ನವೀನ. ಸಾಲದ್ದಕ್ಕೆ ಕಾಡಂಚಿನಲ್ಲಿ ಆನೆ ಇಳಿಯುವ ಭಯಕ್ಕೆ ಸಂಜೆಗೆ ಮುಂಚೆ ಮಿಷನ್ ಊರೊಳಗೆ ಬರಬೇಕು. ಅಷ್ಟು ಗಂಟೆಯ ಬಾಡಿಗೆ ಖೋತಾ. ವಾಪಸು ಬರುವ ಬಸ್ಸಿನಲ್ಲಿ ಭವ್ಯ, "ಕೋಟೆ, ಸರಗೂರು ಎರಡೂ ಈ ಸಲ ಬೇಡ," ಎಂದಳು.

ನವೀನ ಕಿಟಕಿಯ ಕಡೆ ತಿರುಗಿ ಕೂತ. ಹುಣಸೂರು ಹತ್ತಿರ ಬಂದಾಗ ಒಂದೇ ಮಾತು ಆಡಿದ. "ಏನ್ ಮಾಡ್ತಿದ್ದೀಯ ಅಂತ ನಮ್ಮವ್ವ ಕೇಳ್ತದೆ ಅಣ್ಣ. ಊರಿಗೆ ಆ್ಯಪ್ ಮಾಡ್ತಿದ್ದೀನಿ ಅಂದಿದ್ದೆ. ಈಗ ಯಾವೂರಿಗೆ ಅಂತ ಹೇಳ್ಲಿ?"

ಮೊದಲ ಬಜೆಟ್ಟಿನಲ್ಲಿ ಎಲ್ಲಿಗೆ ಹೋಗಬಾರದು ಎಂದು ತೀರ್ಮಾನಿಸುವುದೇ ದೊಡ್ಡ ಕೆಲಸ. ಆ ತೀರ್ಮಾನ ಯಾರದೋ ಊರಿನ ಮೇಲೆ ಬೀಳುತ್ತದೆ.

ಇಷ್ಟಾದರೂ ಪಟ್ಟಿ ದುಡ್ಡಿಗಿಂತ ಉದ್ದವಿತ್ತು. ಕೊನೆಯಲ್ಲಿ ಉಳಿದದ್ದು ಒಂದು ದೊಡ್ಡ ಸಾಲು, ಅದಕ್ಕೆ ಭವ್ಯ "ಸರದಿ" ಎಂದು ಹೆಸರಿಟ್ಟಿದ್ದಳು. ಅದು ಏನೆಂದು ಬಿಡಿಸಿ ಹೇಳಬೇಕು. ನಾಲೆ ಬಯಲಿನಲ್ಲಿ ಪ್ರತಿ ಗದ್ದೆಗೂ ದಾರಿ ಇರುವುದಿಲ್ಲ. ದಾರಿ ಬದಿಯ ಗದ್ದೆ ಕೊಯ್ಲಾದರೆ ಅದರ ಮೇಲೆ ಹಾಯ್ದು ಮಿಷನ್ ಎರಡನೆಯದಕ್ಕೆ ಹೋಗುತ್ತದೆ, ಎರಡನೆಯದಾದರೆ ಮೂರನೆಯದಕ್ಕೆ. ಮುಂದಿನವನ ಪೈರು ನಿಂತಿದ್ದರೆ ಹಿಂದಿನವನು ಬಾಡಿಗೆ ಎಷ್ಟೇ ಕೊಟ್ಟರೂ ಮಿಷನ್ ಒಳಗೆ ಹೋಗಲಾರದು. ಹಾಗಾಗಿ ಬಯಲಿನವರೆಲ್ಲ ಒಟ್ಟಿಗೆ ಮಿಷನ್ ಕರೆಸುತ್ತಾರೆ. ಮುಂದಿನವನಿಗೆ "ಬೇಗ ಕುಯ್ಸು," ಹಿಂದಿನವನಿಗೆ "ಎರಡು ದಿನ ತಡ್ಕೊ" ಎಂದು ಹೇಳಿ ಹೊಂದಿಸುವುದೇ ಏಜೆಂಟನ ಅರ್ಧ ಕೆಲಸ. ಇದನ್ನು ಆ್ಯಪಿನಲ್ಲಿ ಕೂರಿಸಲು ನವೀನ ಇನ್ನೊಂದು ತಿಂಗಳು, ಅದಕ್ಕೆ ತಕ್ಕ ದುಡ್ಡು ಕೇಳಿದ.

"ಅದ್ನ ನಾನ್ ನೋಡ್ಕೋತೀನಿ ಬುಡು," ಎಂದೆ. "ಇಷ್ಟು ವರ್ಸ ಮಾಡಿರೋದು ಅದ್ನೇ ಅಲ್ವಾ. ಅದ್ಕೆ ಯಾಕ್ ಕಾಸು?"

"ಹಂಗಾದ್ರೆ ನಿಮ್ಮ ಕೆಲಸಕ್ಕೆ ಒಂದು ಸಂಬಳ ಹಾಕ್ಲಾ?" ಎಂದಳು ಭವ್ಯ.

"ಪಾಲುದಾರ ಅಂದ್ಮೇಲೆ ಮನೆಯೋನು. ಮನೆಯೋನ್ಗೆ ಸಂಬಳ ಆಕ್ತಾರಾ?"

ನನಗೆ ಆ ಮಾತು ಹೆಮ್ಮೆಯದು. ಅವಳಿಗೂ ಸಹಜವಾಗಿ ಕಂಡಿತು. ತನಗೂ ಅವಳು ಏನೂ ಹಾಕಿಕೊಂಡಿರಲಿಲ್ಲ. ನವೀನ ಕೂಡ ಅರ್ಧ ದುಡ್ಡಿಗೆ ಇಳಿದು, ಉಳಿದದ್ದನ್ನು ಪಾಲೆಂದು ಇಟ್ಟುಕೊಂಡ. ಮೂವರೂ ಬೇಸಾಯದ ಮನೆಯಿಂದ ಬಂದವರು. ನಮ್ಮ ಮನೆಗಳಲ್ಲಿ ಬೆಳೆಯ ಖರ್ಚು ಬರೆಯುವಾಗ ಗೊಬ್ಬರ ಬರೆಯುತ್ತೇವೆ, ಹೊಗೆಸೊಪ್ಪು ಒಣಗಿಸುವ ಸೌದೆ ಬರೆಯುತ್ತೇವೆ, ಹೊರಗಿನ ಆಳಿನ ಕೂಲಿ ಬರೆಯುತ್ತೇವೆ. ಮನೆಯವರು ಬೆಳಗಿನಿಂದ ಸಂಜೆವರೆಗೆ ದುಡಿದದ್ದನ್ನು ಯಾರೂ ಬರೆಯುವುದಿಲ್ಲ. ಸಾಫ್ಟ್‌ವೇರಿಗೂ ಹಾಗೇ ಬರೆದೆವು. "ಸರದಿ" ಸಾಲು ಅಳಿಸಿ ಹೋಯಿತು. ಬಜೆಟ್ ದುಡ್ಡಿಗೆ ಸರಿಹೊಂದಿತು. ಸ್ವಲ್ಪ ಆಪದ್ಧನವೂ ಉಳಿಯಿತು. ಅವತ್ತು ಎದುರಿನ ಹೋಟೆಲಿನಿಂದ ಮಸಾಲೆ ದೋಸೆ ತರಿಸಿ ತಿಂದೆವು.

ಭತ್ತ ಬಣ್ಣ ತಿರುಗುವ ಹೊತ್ತಿಗೆ ಆ್ಯಪ್ ತಯಾರಾಯಿತು. ಕೆ.ಆರ್. ನಗರದ ಏಳೆಂಟು ಊರಿನ ಬಯಲಿಗೆ ಬಿಟ್ಟೆವು. ನನ್ನ ಹೆಸರಿನ ಮೇಲೆ ಜನ ಫೋನಿಗೆ ಹಾಕಿಕೊಂಡರು. ಬುಕಿಂಗ್ ಬಂದವು, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಬಂದವು. ಒಂದೊಂದರ ಬಾಡಿಗೆಯಲ್ಲೂ ಕಂಪನಿಗೆ ಒಂದು ಪಾಲು. ಭವ್ಯ ಒಂದೊಂದು ಬಂದಾಗಲೂ ಮೇಜು ತಟ್ಟುತ್ತಿದ್ದಳು. ನಾನು ಮಾತ್ರ ಫೋನು ಹಿಡಿದು ಕೂತಿದ್ದೆ. ಏಜೆಂಟ್ ಆಗಿದ್ದಾಗ ರೈತ ನನಗೆ ಫೋನು ಮಾಡುತ್ತಿದ್ದ. ನನ್ನ ಕೈಲಾಗುವಷ್ಟೇ ಊರು ನಾನು ಹಿಡಿಯುತ್ತಿದ್ದೆ. ಈಗ ಒತ್ತಿದವನೆಲ್ಲ ಬುಕ್ ಆಗುತ್ತಿದ್ದ. ಒಂದೊಂದು ಬುಕಿಂಗಿಗೂ ಮುಂದಿನವನು ಯಾರು, ಹಿಂದಿನವನು ಯಾರು ಎಂದು ಹುಡುಕಿ ಹೊಂದಿಸಬೇಕಾದವನು ನಾನೊಬ್ಬನೇ. ಎರಡು ದಿನ ನಿಭಾಯಿಸಿದೆ. ಮೂರನೆಯ ದಿನ ಒಂದು ಬಯಲನ್ನು ನೋಡುವುದಕ್ಕೇ ಆಗಲಿಲ್ಲ.

ಆ ಬಯಲಿಗೆ ಬೆಳಿಗ್ಗೆ ಮೂರು ಮಿಷನ್ ಹೋಗಿ ನಿಂತಿದ್ದವು. ಹಿಂದಿನ ಗದ್ದೆಗಳವರು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬುಕ್ ಮಾಡಿದ್ದರು. ದಾರಿ ಬದಿಯ ಮೊದಲ ಗದ್ದೆ ರಾಮೇಗೌಡರದು. ತಡವಾಗಿ ನಾಟಿ ಹಾಕಿದ್ದರಿಂದ ಅವರ ಪೈರು ಇನ್ನೂ ಹಸಿರಾಗಿತ್ತು. ಅವರು ಬುಕ್ಕೇ ಮಾಡಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅವರು ಗದ್ದೆಯ ಬದುವಿನ ಮೇಲೆ ಕುಡುಗೋಲು ಹಿಡಿದು ಕೂತಿದ್ದರು.

"ಬಾ ಚನ್ನಪ್ಪ ಬಾ. ಫೋನಲ್ಲಿ ದಾರಿ ಕೊಟ್ಟಿದ್ದೀಯಂತೆ. ನನ್ ಪೈರಿನ್ ಮೇಲೆ ಕೊಟ್ಟಿದ್ದೀಯೋ, ಮೋಡದ್ ಮೇಲೆ ಕೊಟ್ಟಿದ್ದೀಯೋ?"

ಹಿಂದಿನ ಗದ್ದೆಯವನೊಬ್ಬ, "ನಂಗೆ ನೆನ್ನೆ ಮೆಸೇಜ್ ಬಂದದೆ ಕಣಣ್ಣೋ. ನಾಳೆ ಬೆಳಿಗ್ಗೆ ಮಿಷನ್ ಅಂತ ಅದೇ!" ಎಂದು ಫೋನು ಎತ್ತಿ ತೋರಿಸಿದ.

"ಅಂಗಾದ್ರೆ ಆ ಮೆಸೇಜಲ್ಲೇ ಕುಯ್ಸ್ಕೊಳ್ಲಾ," ಎಂದರು ರಾಮೇಗೌಡರು.

ಡ್ರೈವರ್ ಮುರುಗೇಶ್ ನನ್ನ ಹಳೆಯ ಪರಿಚಯದವನು. ಅವನು ಮಿಷನ್ ಇಳಿದು ಬಂದು, "ಅಣ್ಣೇ, ನಿಂತ್ರೂ ಬಾಡಿಗೆ ಓಡ್ತದೆ. ಓನರ್ ಕೇಳ್ತಾನೆ," ಎಂದು ಮೆಲ್ಲಗೆ ಹೇಳಿದ. ಮೂರು ಮಿಷನ್ನಿನ ಬಾಡಿಗೆ ನಮ್ಮ ತಲೆಯ ಮೇಲೆ ಬಯಲಿನ ದಾರಿಯಲ್ಲಿ ಸುಮ್ಮನೆ ಓಡುತ್ತಿತ್ತು.

ಅಷ್ಟರಲ್ಲಿ ಭವ್ಯ ಸ್ಕೂಟರಿನಲ್ಲಿ ಬಂದಳು. ಕೂಗಾಡುತ್ತಿದ್ದವರು ಹೆಣ್ಣುಮಗಳನ್ನು ನೋಡಿ ಸ್ವಲ್ಪ ತಗ್ಗಿದರು. ಅವಳು ನೇರ ರಾಮೇಗೌಡರ ಹತ್ತಿರ ಹೋಗಿ, "ತಪ್ಪು ನಮ್ದು ದೊಡ್ಡಪ್ಪ. ಈಗ ದಾರಿ ಆಗ್ಬೇಕು, ಏನ್ ಮಾಡ್ಬೋದು ಹೇಳಿ," ಎಂದಳು.

ಅವರು ಕುಡುಗೋಲು ಕೆಳಗಿಟ್ಟರು. "ಒಂದ್ ಮಿಷನ್ ಅಗ್ಲ ಅಂಚಲ್ಲಿ ಕುಯ್ಕೊಂಡ್ ಓಗ್ಲಿ. ಅಷ್ಟ್ರದ್ದು ಭತ್ತ, ಹುಲ್ಲು ಎರಡ್ರ ಕಾಸೂ ಎಣ್ಸಿ ಆಮೇಲ್ ಮಿಷನ್ ಇಳ್ಸಿ," ಎಂದರು.

ಹಾಗೇ ಆಯಿತು. ಹಸಿರು ಪೈರಿನ ಅಂಚಿನಲ್ಲಿ ಒಂದು ಮಿಷನ್ನಿನಗಲ ದಾರಿ ಬಿತ್ತು. ಹಾಲು ತುಂಬಿದ್ದ ತೆನೆ ಮಿಷನ್ನಿನ ಬೆಲ್ಟಿನ ಚಕ್ರದಡಿ ಸಿಕ್ಕಿ ನುಗ್ಗಾಯಿತು. ರಾಮೇಗೌಡರು ದುಡ್ಡು ಎಣಿಸಿಕೊಂಡರೂ ಆ ಕಡೆ ನೋಡಲಿಲ್ಲ. ಪರಿಹಾರ, ನಿಂತ ಮಿಷನ್ನಿನ ಬಾಡಿಗೆ ಎರಡೂ ಸೇರಿ ಆಪದ್ಧನದ ಅರ್ಧ ಅಲ್ಲೇ ಮುಗಿಯಿತು.

ಮಧ್ಯಾಹ್ನ ಆಫೀಸಿನಲ್ಲಿ ಮೂವರೂ ಕೂತೆವು. "ಸರದಿ" ಬರೆದುಕೊಡುತ್ತೇನೆ, ಒಂದು ತಿಂಗಳು ಕೊಡಿ ಎಂದ ನವೀನ. ತಿಂಗಳು ಕಳೆದರೆ ಸುಗ್ಗಿಯೇ ಮುಗಿದಿರುತ್ತದೆ. ಬುಕಿಂಗ್ ನಿಲ್ಲಿಸಿ, ನನ್ನ ಕೈಲಾದಷ್ಟು ಊರು ಇಟ್ಟುಕೊಳ್ಳೋಣ ಎಂದೆ ನಾನು. ಭವ್ಯ ತಲೆ ಅಲ್ಲಾಡಿಸಿದಳು.

"ಹಂಗೆ ಮಾಡಿದ್ರೆ ಅದು ಕಂಪನಿ ಅಲ್ಲ ಅಣ್ಣ, ನಿಮ್ಮ ಹಳೇ ಕೆಲಸ. ಅದಕ್ಕೆ ನಾನ್ಯಾಕೆ ಸೈಟು ಮಾರ್ಸಿದೆ?" ಎಂದವಳು ನನ್ನ ಕಡೆ ತಿರುಗಿ ಕೇಳಿದಳು. "ಯಾವ ಗದ್ದೆ ಮುಂದೆ, ಯಾವುದು ಹಿಂದೆ, ಯಾರು ತಡವಾಗಿ ನಾಟಿ ಹಾಕವ್ರೆ ಅಂತ ಊರಲ್ಲಿ ಯಾರಿಗ್ ಗೊತ್ತಿರತ್ತೆ?"

"ನೀರುಗಂಟಿಗೆ," ಎಂದೆ. ಬಯಲಿನ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವವನು ನೀರುಗಂಟಿ. ಬಯಲಿನವರು ಸುಗ್ಗಿಯಲ್ಲಿ ಅವನಿಗೆ ಇಷ್ಟು ಭತ್ತ ಎಂದು ಕೊಡುತ್ತಾರೆ.

"ಹಂಗಾದ್ರೆ ಊರಿಗೊಬ್ಬ ನೀರುಗಂಟಿ. ಎಕರೆಗಿಷ್ಟು ಅಂತ ಕೊಡೋಣ. ಸರದಿ ಅವರು ಹೇಳ್ಲಿ, ನವೀನ ಅದನ್ನ ಬರೀ ಪಟ್ಟಿ ಥರ ಹಾಕ್ಲಿ."

"ನಾನಿಲ್ವಾ?" ಎಂದೆ. ಗಂಟಲು ಜೋರಾಯಿತು. "ನನ್ ಕೆಲ್ಸಾನ ದುಡ್ಡು ಕೊಟ್ಟು ಬೇರೆಯೋರ್ ಕೈಲಿ ಮಾಡ್ಸ್ತೀರಾ ಮೇಡಂ?"

"ನೀವು ಒಬ್ರು ಅಣ್ಣ. ಊರು ಎಂಟು."

ನಾನು ಎದ್ದು ಹೋದೆ. ಎರಡು ದಿನ ಆಫೀಸಿಗೆ ಹೋಗಲಿಲ್ಲ. ಅವಳು ನನ್ನನ್ನು ಕರೆಯಲೂ ಇಲ್ಲ, ಬೇರೆಯವರನ್ನು ನನ್ನ ಕುರ್ಚಿಯಲ್ಲಿ ಕೂರಿಸಲೂ ಇಲ್ಲ. ಮೂರನೆಯ ದಿನ ನಾನೇ ಹೋಗಿ ನೀರುಗಂಟಿಗಳ ಹೆಸರು ಹೇಳಿದೆ. ಅವರೇನೂ ಕೈಕಟ್ಟಿ ನಿಲ್ಲುವವರಲ್ಲ. ಎಕರೆಗೆ ನಾವು ಹೇಳಿದ್ದರ ಮೇಲೆ ಏರಿಸಿದರು, ಫೋನಿನ ರೀಚಾರ್ಜ್ ಬೇರೆ ಕೇಳಿದರು, ಒಬ್ಬನಂತೂ ಟಾರ್ಚ್ ಇರುವ ಹೊಸ ಫೋನನ್ನೇ ಕೇಳಿದ. ಚೌಕಾಸಿ ಮಾಡುವ ಕೆಲಸ ನನ್ನದಾಯಿತು. ಆಪದ್ಧನದ ಉಳಿದರ್ಧ ಹೀಗೆ ಹೋಯಿತು. ಆದರೆ ಮಿಷನ್ ಆಮೇಲೆ ಯಾರ ಪೈರಿನ ಮುಂದೆಯೂ ನಿಲ್ಲಲಿಲ್ಲ. ಸುಗ್ಗಿ ಮುಗಿಯಿತು.

ಸಂಕ್ರಾಂತಿ ಹತ್ತಿರ ಬಂದಾಗ ಭವ್ಯ ಲೆಕ್ಕ ಮಾಡಿದಳು. ನಾವು ಬಜೆಟ್ ಬರೆದ ರೀತಿಯಲ್ಲೇ ನೋಡಿದರೆ ಚೂರು ಲಾಭ ಉಳಿದಿತ್ತು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಕೆಲಸಕ್ಕೆ, ನವೀನನ ಉಳಿದರ್ಧಕ್ಕೆ, ತನ್ನ ಕೆಲಸಕ್ಕೆ ಹೊರಗಿನವರಾದರೆ ಎಷ್ಟು ಕೊಡಬೇಕಾಗಿತ್ತೋ ಅಷ್ಟು ಸೇರಿಸಿದಳು. ಲಾಭ ಹೋಗಿ ನಷ್ಟ ಬಂತು, ಸಣ್ಣ ನಷ್ಟವೂ ಅಲ್ಲ.

"ಮೊದ್ಲಿನ್ ಲೆಕ್ಕಾನೇ ತೋರ್ಸವ್ವ," ಎಂದೆ. "ಅದೂ ಸುಳ್ಳಲ್ಲ. ನಾವ್ ಯಾರೂ ದುಡ್ಡು ಕೇಳಿಲ್ವಲ್ಲ."

"ನೀರುಗಂಟಿ ಕೇಳಿದ್ದಕ್ಕೆ ಅವರದ್ದು ಖರ್ಚು. ನೀವು ಕೇಳ್ಲಿಲ್ಲ ಅಂತ ನಿಮ್ದು ಖರ್ಚಲ್ವಾ? ಮುಂದಿನ ವರ್ಷ ನಿಮಗೆ ಕೈಲಾಗ್ಲಿಲ್ಲ ಅಂದ್ರೆ ಆ ಜಾಗಕ್ಕೆ ಬರೋರು ಪುಕ್ಕಟೆ ಮಾಡ್ತಾರಾ?"

"ನಷ್ಟ ಅಂದ್ರೆ ನಿಮ್ಮಪ್ಪ ಬಾಗ್ಲಾಕುಸ್ತಾರೆ. ಮಾತಾಡಿರೋದಕ್ಕೆ ನಾನೇ ಸಾಕ್ಷಿ."

"ಗೊತ್ತು," ಎಂದಳು.

ಹೇಳಿದಂತೆ ಸಣ್ಣೇಗೌಡರು ಹಬ್ಬ ಕಳೆದ ಮೇಲೆ ಬಂದರು. ಜೊತೆಗೆ ಹೆಂಡತಿ ಜಯಮ್ಮನವರೂ ಬಂದಿದ್ದರು, ಕೈಯಲ್ಲಿ ಎಳ್ಳುಬೆಲ್ಲದ ಡಬ್ಬ. ಈ ಸಲ ಗೌಡರು ಕುರ್ಚಿಯಲ್ಲಿ ಕೂತರು. ನವೀನ ಬಾಗಿಲ ಹತ್ತಿರ ನಿಂತಿದ್ದ. ಭವ್ಯ ಲ್ಯಾಪ್‌ಟಾಪ್ ತಿರುಗಿಸಿದಳು. "ಅದು ಬ್ಯಾಡ, ಓದ್ ಏಳು," ಎಂದರು. ಅವಳು ಓದಿದಳು. ಬಂದದ್ದು ಓದಿದಳು, ಹೋದದ್ದು ಓದಿದಳು. ಕೊನೆಯ ಮೂರು ಸಾಲಿಗೆ ಬಂದಾಗ ಗೌಡರು ಕೈ ಎತ್ತಿದರು.

"ತಡಿ. ಚನ್ನಪ್ಪನ್ ಕೂಲಿ, ಆ ಹುಡ್ಗನ್ ಕೂಲಿ, ನಿನ್ ಕೂಲಿ. ಇದ್ಯಾವ ಲೆಕ್ಕ? ಮನೆಯೋರ್ ಗೇದಿದ್ದಕ್ಕೂ ಬರೀತಾರಾ?"

"ಬರೀದೆ ಇದ್ರೆ ಲಾಭ ಅಂತ ಕಾಣತ್ತೆ ಅಪ್ಪ. ಬರೆದ್ರೆ ನಷ್ಟ."

"ಎರಡ್ರಲ್ಲಿ ದಿಟ ಯಾವ್ದು?"

"ನಷ್ಟದ್ದು."

ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. ಗೌಡರು ಮೇಜಿನ ಮೇಲಿದ್ದ ಒಂದು ಹಾಳೆ ಎಳೆದುಕೊಂಡು ನನ್ನ ಜೇಬಿನ ಪೆನ್ನು ಕೇಳಿದರು. ಆ ವರ್ಷದ ಹೊಗೆಸೊಪ್ಪಿನ ಖರ್ಚನ್ನು ಬರೆಯತೊಡಗಿದರು. ಗೊಬ್ಬರ, ಸೌದೆ, ಆಳು. ಆಮೇಲೆ ಪೆನ್ನು ನಿಲ್ಲಿಸಿ, "ಕಡ್ಡಿಗೆ ಸೊಪ್ಪು ಕಟ್ಟೋ ಹೆಣ್ಣಾಳಿಗೆ ದಿನುಕ್ಕೆ ಎಷ್ಟು ಕೊಟ್ವು?" ಎಂದು ಹೆಂಡತಿಯನ್ನು ಕೇಳಿದರು. ಜಯಮ್ಮ ಹೇಳಿದರು. "ನೀನ್ ಎಷ್ಟ್ ದಿನ ಕಟ್ದೆ?"

"ಎಷ್ಟ್ ದಿನ ಕಟ್ನಿಲ್ಲ ಅಂತ ಕೇಳಿ. ಅದಾದ್ರೆ ಬೇಗ್ ಬರೀಬೋದು," ಎಂದರು ಜಯಮ್ಮ.

ಗೌಡರು ಬರೆದರು. ಸಸಿ ಮಡಿಗೆ ನೀರು ಹೊತ್ತದ್ದು, ಎಲೆ ಮುರಿದದ್ದು, ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ ಕಾದದ್ದು, ಒಣಗಿದ್ದನ್ನು ಬೇಲು ಕಟ್ಟಿದ್ದು. ತಮ್ಮದು, ಹೆಂಡತಿಯದು ಬೇರೆ ಬೇರೆ ಬರೆದರು. ಕೂಡಿದರು. ಇನ್ನೊಮ್ಮೆ ಕೂಡಿದರು. ಪೆನ್ನು ಮುಚ್ಚಿ ನನಗೆ ಕೊಟ್ಟರು.

"ಇಂಗ್ ಬರುದ್ರೆ ನಾನ್ ಹೊಗೆಸೊಪ್ಪು ಬೆಳೀಲೇ ಬಾರ್ದಾಗಿತ್ತು ಕಣಯ್ಯ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ಕಡೆ ನೋಡಿ, "ಅಂಗಂತ ನಾನೇನ್ ಬಾಗ್ಲಾಕುದ್ನಾ?" ಎಂದರು.

ಜಯಮ್ಮ ಡಬ್ಬದ ಮುಚ್ಚಳ ತೆಗೆಯುತ್ತಾ, "ನೀವ್ ಬಾಗ್ಲಾಕ್ನಿಲ್ಲ, ನಾನ್ ಕೂಲಿ ಕೇಳ್ನಿಲ್ಲ. ಅದ್ಕೇ ನಡೀತು," ಎಂದರು.

ಗೌಡರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಭವ್ಯ ನೆಲ ನೋಡುತ್ತಾ ನಿಂತಿದ್ದಳು.

"ಇನ್ನೊಂದ್ ಸುಗ್ಗಿ ನಡ್ಸು," ಎಂದರು ಕೊನೆಗೆ. "ಆದ್ರೆ ಇವರ್ ಕೂಲಿ ಮೊದ್ಲು ಬರ್ದು, ಆಮೇಲ್ ಮಿಕ್ಕುದ್ದು ಬರಿ. ಅಷ್ಟ್ರಲ್ಲಿ ಎಷ್ಟ್ ಊರಾಯ್ತದೋ ಅಷ್ಟೇ ಸಾಕು."

ನವೀನ ಬಾಗಿಲ ಬಳಿಯಿಂದ ಒಳಗೆ ಬಂದು ಡಬ್ಬಕ್ಕೆ ಕೈ ಹಾಕಿದ.

ಪಿರಿಯಾಪಟ್ಟಣದ ಬಸ್ಸಿಗೆ ಹೊತ್ತಾಯಿತೆಂದು ಅವರಿಬ್ಬರೂ ಎದ್ದರು. ಬಿಟ್ಟುಬರಲು ನಾನೂ ಮೆಟ್ಟಿಲಿಳಿದೆ. ಗೌಡರು ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡಿದ್ದರು. ಜಯಮ್ಮ ಹಿಂದಿನಿಂದ, "ರೀ, ನಂದು ಒಟ್ಟು ಎಷ್ಟಾಯ್ತು ಅಂತ ಏಳ್ನೇ ಇಲ್ವಲ್ಲ?" ಎಂದರು.

"ಬಸ್ ಒಂಟೋಯ್ತದೆ, ಬೇಗ್ ಬಾ," ಎಂದು ಗೌಡರು ಬೀಸುಗಾಲು ಹಾಕಿ ಮುಂದೆ ನಡೆದರು.